ಆಕ್ಸಿಮೀಟರ್ ಕಾಯುತ್ತಾ ಕೂತ ಮಗಳು

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತರ ಆಸುಪಾಸಿನ ಮಹಿಳೆ. ತಂದೆಗೆ ಎಪ್ಪತ್ತು ದಾಟಿದೆ, ಬಹುಕಾಲದಿಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಎರಡು ಸಲ ಉಸಿರು ಹದಗೆಟ್ಟು ಆಸ್ಪತ್ರೆ ಸೇರಿ ಬಂದ ಮೇಲೆ ಮನೆಗೇ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಬಂದಿದೆ. ನಿಮಿಷಕ್ಕೆ 2 ಲೀಟರ್, ದಿನಕ್ಕೆ ಕನಿಷ್ಠ 15 ಗಂಟೆ ಎಂದು ವೈದ್ಯರು ಬರೆದುಕೊಟ್ಟಿದ್ದರು. ಆಕೆ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದು ತಂದೆಯ ಕಾಯಿಲೆಗಲ್ಲ, ತನಗೆ ನಿದ್ದೆ ಬರುತ್ತಿಲ್ಲ ಎಂದು.

ಮಾತಿನ ನಡುವೆ ಮೊಬೈಲ್ ತೆಗೆದು ತೋರಿಸಿದರು. ರಾತ್ರಿಯಿಡೀ ತೆಗೆದ, ರಕ್ತದಲ್ಲಿನ ಆಮ್ಲಜನಕದ ಶೇಕಡಾ ಪ್ರಮಾಣ ತೋರಿಸುವ ಆಕ್ಸಿಮೀಟರ್‌ನ ಫೋಟೋಗಳು: ಅದೇ ಬೆರಳು, ಅದೇ ಕೆಂಪು ಅಂಕಿ, 90, 89, 91. "ತೊಂಬತ್ತೈದು ಬರಲೇ ಇಲ್ಲ ಮೇಡಂ. ಅದಕ್ಕೆ ಮೊನ್ನೆಯಿಂದ ನಾಲ್ಕು ಲೀಟರ್‌ಗೆ ಏರಿಸಿದೀನಿ. ಈಗ ತೊಂಬತ್ತಾರು ಬರ್ತಿದೆ."

"ಅಪ್ಪ ಬೆಳಿಗ್ಗೆ ಹೇಗಿರ್ತಾರೆ?" ಎಂದೆ.

"ತಲೆನೋವು ಅಂತಾರೆ. ಮಧ್ಯಾಹ್ನದವರೆಗೂ ಮಂಪರಲ್ಲೇ ಇರ್ತಾರೆ. ಪಾಪ, ಸದ್ಯ ನಿದ್ದೆಯಾದರೂ ಬಂತಲ್ಲ ಅಂದ್ಕೊಂಡೆ."

ಅಲ್ಲಿಗೆ ಆಪ್ತಸಲಹೆ ನಿಲ್ಲಿಸಿ, ಅವರ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಸಿಒಪಿಡಿ ಇರುವ ಕೆಲವರಲ್ಲಿ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಗಿನ ತಲೆನೋವು, ಮಂಪರು ಅದರ ಸೂಚನೆಗಳು. ವೈದ್ಯರು ಅವತ್ತೇ ಕರೆಸಿಕೊಂಡು ಪರೀಕ್ಷಿಸಿ, ಹರಿವನ್ನು ಮೊದಲಿನ ಮಟ್ಟಕ್ಕೆ ತಂದರು. ಇವರ ಗುರಿ 88ರಿಂದ 92 ಮಾತ್ರ ಎಂದು ಬರೆದುಕೊಟ್ಟರು. ಆಕೆಯ ನಿದ್ದೆಗೆಡಿಸಿದ್ದ ಅಂಕಿಗಳೆಲ್ಲ ಸರಿಯಾದ ಅಂಕಿಗಳೇ ಆಗಿದ್ದವು. ಆರೋಗ್ಯವಂತರ ಅಳತೆಗೋಲಿನಲ್ಲಿ ಅಪ್ಪನನ್ನು ಅಳೆಯುತ್ತಿದ್ದೀರಿ ಎಂದು ಈ ಮಗಳಿಗೆ ಮೊದಲೇ ಯಾರಾದರೂ ಕೂರಿಸಿ ಹೇಳಬೇಕಿತ್ತು. ಯಂತ್ರವನ್ನು ಮನೆಗೆ ಕಳಿಸುವಷ್ಟೇ ಮುಖ್ಯವಾದ ಕೆಲಸವದು.

ಮುಂದಿನ ವಾರ ತಂದೆಯವರ ಜೊತೆ ಬೇರೆಯಾಗಿ ಮಾತಾಡಿದೆ. ಒಂದೊಂದು ವಾಕ್ಯಕ್ಕೂ ನಿಂತು ಉಸಿರು ತೆಗೆದುಕೊಂಡು ಹೇಳಿದರು: "ನೀರು ತಗೊಳ್ಳೋಕೂ ಏಳೋಕೆ ಬಿಡಲ್ಲ ಅವಳು. ಸಿಗರೇಟು ಸೇದಿ ತಂದ್ಕೊಂಡವನು ನಾನು. ಅವಳ್ಯಾಕೆ ಅನುಭವಿಸಬೇಕು?" ಸಿಗರೇಟು ಸೇದಿ ತಂದುಕೊಂಡಿದ್ದು ಎಂದು ಮಗಳೂ ಒಮ್ಮೆ ಸಿಟ್ಟಿನಲ್ಲಿ ಅಂದಿದ್ದರಂತೆ. ಅಂದಿನಿಂದ ಅವರು ಏನನ್ನೂ ಕೇಳುವುದನ್ನೇ ಬಿಟ್ಟಿದ್ದರು. ಉಸಿರು ಕಟ್ಟಿದರೂ ಕರೆಯುತ್ತಿರಲಿಲ್ಲ. ಕರೆಯುವುದಿಲ್ಲ ಎಂಬ ಭಯಕ್ಕೇ ಆಕೆ ರಾತ್ರಿಯೆಲ್ಲ ಎಚ್ಚರ.

ಇಬ್ಬರನ್ನೂ ಕೂರಿಸಿಕೊಂಡು ಮೊದಲು ಈ ಗಂಟು ಬಿಚ್ಚಿದ್ದು. ಸಿಗರೇಟಿನ ಮಾತು ಇನ್ನು ಒಂದೇ ವಿಷಯಕ್ಕೆ ಬರಲಿ ಎಂದೆ: ಆಕ್ಸಿಜನ್ ಇರುವ ಕೋಣೆಯಲ್ಲಿ ಯಾರೂ ಬೆಂಕಿ ಹಚ್ಚಬಾರದು. ಅವರು ಬಿಟ್ಟು ಬಹಳ ಕಾಲವಾಗಿದೆ, ಮಾಡಬಹುದಾದ್ದನ್ನು ಮಾಡಿದ್ದಾರೆ.

ಆಮೇಲೆ, ಅಪ್ಪನ ಕೆಲಸ ಅಪ್ಪನಿಗೇ ಬಿಡಬೇಕು. ಕೂತಲ್ಲೇ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿಗೆ ಹತ್ತು ಹೆಜ್ಜೆಗೂ ಹೆಚ್ಚು ಉಸಿರು ಬೇಕು. ಏದುಸಿರಿಗೆ ಹೆದರಿ ಮತ್ತೆ ಕೂರುತ್ತಾರೆ. ಮಗಳ ಪ್ರೀತಿ ಅರಿಯದೆ ಈ ಸುಳಿಯನ್ನೇ ಬಲಪಡಿಸುತ್ತಿತ್ತು. ಕುರ್ಚಿಯಲ್ಲಿ ಕೂತು ಸ್ನಾನ, ಕೂತೇ ಬಟ್ಟೆ ಹಾಕಿಕೊಳ್ಳುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಷ್ಟು ನಡಿಗೆ. ನಿಧಾನವಾದರೂ ಅವರೇ ಮಾಡಲಿ, ನೀವು ಹತ್ತಿರ ಇದ್ದರೆ ಸಾಕು ಎಂದೆ.

ಉಸಿರು ಕಟ್ಟಿದಾಗ "ಏನಾಗ್ತಿದೆ, ಹೇಳಿ ಅಪ್ಪಾ" ಎಂದು ಕೇಳಬೇಡಿ; ಆಗ ಮಾತೇ ಭಾರ. ಅಂಗೈ ಎತ್ತಿದರೆ ಫ್ಯಾನ್ ಮುಖಕ್ಕೆ ತಿರುಗಿಸಬೇಕು, ಎದೆ ಮುಟ್ಟಿದರೆ ಇನ್ಹೇಲರ್ ಎಂದು ಇಬ್ಬರೂ ಸನ್ನೆ ಗೊತ್ತುಮಾಡಿಕೊಂಡರು. ಈ ಕಾಯಿಲೆಯಲ್ಲಿ ಒಳಗಿನ ಗಾಳಿ ಪೂರ್ತಿ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ, ಗಾಬರಿಯಿಂದ ಬೇಗಬೇಗ ಎಳೆದರೆ ಇನ್ನಷ್ಟು. ಹಾಗಾಗಿ ಮುಂದಕ್ಕೆ ಬಾಗಿ, ಮೊಣಕೈ ತೊಡೆಯ ಮೇಲೂರಿ, ಮೂಗಿನಿಂದ ಎರಡು ಎಣಿಕೆ ಒಳಗೆ, ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ನಾಲ್ಕು ಎಣಿಕೆ ಹೊರಗೆ. ಮಗಳೂ ಎದುರು ಕೂತು ಜೊತೆಗೇ ಮಾಡಲಿ ಎಂದೆ. ಅದು ಅವರ ಗಾಬರಿಗೂ ಔಷಧ.

ಆಕ್ಸಿಮೀಟರ್ ನೋಡುವುದು ವೈದ್ಯರು ಒಪ್ಪಿದ ಹೊತ್ತಿಗೆ ಮಾತ್ರ. ಉಳಿದಂತೆ ಮನುಷ್ಯನನ್ನು ನೋಡಿ. ಕಫ ಹೆಚ್ಚಾದರೆ, ಬಣ್ಣ ಹಳದಿ-ಹಸಿರಿಗೆ ತಿರುಗಿದರೆ, ಎಂದಿಗಿಂತ ಹೆಚ್ಚು ಏದುಸಿರಾದರೆ ಅವತ್ತೇ ಫೋನ್. ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಪರು ಬಿಡದಿದ್ದರೆ, ಮಾತೇ ಹೊರಡದಿದ್ದರೆ ಕಾಯದೆ ಆಂಬುಲೆನ್ಸ್. ಇದನ್ನು ದೊಡ್ಡಕ್ಷರದಲ್ಲಿ ಬರೆದು ಯಂತ್ರದ ಪಕ್ಕ ಅಂಟಿಸಿದ್ದಾರೆ. ಕರೆಂಟ್ ಹೋದರೆ ಬೇಕೆಂದು ತುಂಬಿದ ಸಿಲಿಂಡರ್ ಕೂಡ ಅಲ್ಲೇ ಇದೆ.

ಆಕೆಯ ಪಾಲಿಗೆ ಕೊಟ್ಟ ಸಲಹೆ ಚಿಕ್ಕದು, ಒಪ್ಪಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು: ವಾರಕ್ಕೆ ಎರಡು ರಾತ್ರಿ ತಮ್ಮ ಬಂದು ಮಲಗಬೇಕು, ಆಕೆ ಬೇರೆ ಕೋಣೆಯಲ್ಲಿ. ತಂದೆಯ ಕೈಗೆ ಒಂದು ಕರೆಗಂಟೆ. ಅದನ್ನು ಒತ್ತುತ್ತೇನೆ ಎಂದು ಅವರೇ ಮಾತು ಕೊಟ್ಟ ಮೇಲೆ ಆಕೆ ಒಪ್ಪಿದರು.

ಈಗ ಆ ಎರಡು ರಾತ್ರಿ ನಿದ್ದೆ ಬರುತ್ತಿದೆ, ಉಳಿದ ದಿನ ಇನ್ನೂ ಕಷ್ಟ. ಮುಂದೆ ಕಾಯಿಲೆ ಬಿಗಡಾಯಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಎಚ್ಚರವಿರುವಾಗಲೇ ವೈದ್ಯರೆದುರು ಹೇಳಿಬಿಡುತ್ತೇನೆ ಎಂದು ತಂದೆಯೇ ಕೇಳಿಕೊಂಡಿದ್ದಾರೆ. ಮುಂದಿನ ಭೇಟಿ ಅದಕ್ಕಾಗಿ. ಮಗಳೂ ತಮ್ಮನೂ ಇಬ್ಬರೂ ಬರುತ್ತಿದ್ದಾರೆ.