ನೀಲಿ ಪರದೆ ಕೇಳುವ 48 ಅಂಕಿ

ಪ್ರಶ್ನೆ: ಅಪ್ಪನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಗಿತ್ತು, ಎಸ್.ಪಿ. ರಸ್ತೆಯಲ್ಲಿ ಬೇರೆ ಹಾಕಿಸಿದೆವು. ಈಗ ಆನ್ ಮಾಡಿದರೆ ನೀಲಿ ಪರದೆ ಬಂದು ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. ನಾವು ಯಾವತ್ತೂ ಬಿಟ್‌ಲಾಕರ್ ಹಾಕಿದವರಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಬೀಗದ ಚಿತ್ರವೇ ಕಾಣುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿಬಿಡೋಣ ಅನ್ನುತ್ತಿದ್ದಾರೆ. ಸೈಟಿನ ಕಾಗದಪತ್ರದ ಸ್ಕ್ಯಾನ್ ಎಲ್ಲ ಅದರಲ್ಲೇ ಇದೆ. ಏನು ಮಾಡೋದು? – ಓದುಗರು, ವಿಜಯನಗರ

ಉತ್ತರ: ಫಾರ್ಮ್ಯಾಟ್ ಮಾತ್ರ ಬೇಡ. ಮಾಡಿಸಿದಮೇಲೆ ಕೀ ಸಿಕ್ಕರೂ ಕಡತ ಸಿಗುವ ಭರವಸೆ ಇಲ್ಲ.

ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ; ನೀವು ಹಾಕದಿದ್ದರೂ ಅದು ಬಿದ್ದಿರುತ್ತದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಶುರುಮಾಡಿದರೆ, ಡಿಸ್ಕ್ ಸಾಮಾನ್ಯವಾಗಿ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಒಳಗಿರುವುದೆಲ್ಲ ಕೀ ಇಲ್ಲದೆ ಓದಲಾಗದ ಗುಪ್ತ ರೂಪಕ್ಕೆ ಬದಲಾಗುತ್ತದೆ. ದಿನಾ ಬಾಗಿಲು ತೆಗೆಯುವ ಕೆಲಸ ಟಿಪಿಎಂ ಅನ್ನುವ ಭದ್ರತಾ ಚಿಪ್ಪಿನದು. ಬೋರ್ಡ್ ಬದಲಾದಾಗ ಆ ಚಿಪ್ಪೂ ಹೋಯಿತು, ಹೊಸ ಚಿಪ್ಪಿಗೆ ನಿಮ್ಮ ಡಿಸ್ಕಿನ ಪರಿಚಯವಿಲ್ಲ. ಡಿಸ್ಕನ್ನು ಎಲ್ಲಿಗೆ ಒಯ್ದರೂ ಇದೇ ಕಥೆ. ‘ಅನ್‌ಲಾಕ್ ಮಾಡಿಕೊಡ್ತೀವಿ’ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ; ಕೀ ಇಲ್ಲದೆ ಆ ಡಿಸ್ಕ್ ಬಿಚ್ಚಿಕೊಳ್ಳುವುದಿಲ್ಲ, ಮೈಕ್ರೋಸಾಫ್ಟ್‌ನವರೂ ಹೊಸ ಕೀ ಮಾಡಿಕೊಡಲಾರರು.

ಹುಡುಕಬೇಕಾದದ್ದು ಕೀಯನ್ನು. ನೀಲಿ ಪರದೆಯಲ್ಲಿ ಕೀ ಐಡಿ ಇರುತ್ತದೆ, ಅದರ ಮೊದಲ 8 ಅಕ್ಷರ ಬರೆದುಕೊಳ್ಳಿ. ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀಗಳ ಪಟ್ಟಿ ತೆರೆಯಿರಿ. ಐಡಿ ಹೊಂದುವ ಸಾಲಿನ 48 ಅಂಕಿಯೇ ನಿಮ್ಮದು. ಜನ ಎಡವುವುದು ಇಲ್ಲೇ: ಅಪ್ಪನ ಖಾತೆಯಲ್ಲಿ ಇಲ್ಲ ಎಂದು ಕೈಬಿಡುತ್ತಾರೆ. ಲ್ಯಾಪ್‌ಟಾಪ್ ತಂದ ದಿನ ‘ಕೊಡಿ ಅಂಕಲ್, ನಾನೇ ಮಾಡಿಕೊಡ್ತೀನಿ’ ಎಂದು ಕೂತ ಹುಡುಗ ಯಾರು, ನೆನಪಿಸಿಕೊಳ್ಳಿ. ಅವನ ಖಾತೆಯಲ್ಲೋ, ಒಮ್ಮೆ ಸೇರಿಸಿದ್ದ ಆಫೀಸಿನ ಅಥವಾ ಕಾಲೇಜಿನ ಖಾತೆಯಲ್ಲೋ ಇರುವ ಸಾಧ್ಯತೆ ಹೆಚ್ಚು. ಆಫೀಸಿನದಾದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಬೇಕು. ಹಳೇ ಬೋರ್ಡನ್ನೂ ಅಂಗಡಿಯಿಂದ ವಾಪಸ್ ತನ್ನಿ. ರಿಪೇರಿಯಾಗಿ ಒಂದೇ ಒಂದು ಸಲ ಜೀವ ಬಂದರೂ ಕೀ ಕೇಳದೆ ತೆರೆದೀತು.

ಕಾಗದದ ಮೇಲೆ ಬರೆದಿಟ್ಟ ಕೀ ಸಿಕ್ಕಿ, ಒಂದು ಅಂಕಿ ಅಳಿಸಿಹೋಗಿದ್ದರೆ ಹೆದರಬೇಡಿ. ಕೀಯಲ್ಲಿ 6 ಅಂಕಿಯ 8 ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗಬೇಕು. ಗುಂಪು 271?46 ಎಂದಿಟ್ಟುಕೊಳ್ಳಿ. ಒಂದು, ಮೂರು, ಐದನೇ ಸ್ಥಾನಗಳ ಮೊತ್ತ 2+1+4, ಅಂದರೆ 7. ಉಳಿದವು 7+?+6. ಇವೆರಡರ ವ್ಯತ್ಯಾಸ 0 ಅಥವಾ 11ರ ಗುಣಕ ಆಗಬೇಕಾದರೆ ಅಲ್ಲಿ 5 ಬಿಟ್ಟು ಬೇರೆ ಅಂಕಿ ಕೂರುವುದಿಲ್ಲ.

ಬಾಗಿಲು ತೆರೆದ ಕೂಡಲೇ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಮಿಕ್ಕ ರಿಪೇರಿ ಆಮೇಲೆ.

ಇನ್ನು ಮುಂದಕ್ಕೆ: ಕೀಯನ್ನು ಈಗಲೇ ಎರಡು ಪ್ರಿಂಟ್ ತೆಗೆಯಿರಿ. ಒಂದು ಬೀರುವಿನಲ್ಲಿ, ಇನ್ನೊಂದು ಊರಿನ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡುವುದು ಮನೆಯೊಳಗೆ ಕೀಲಿಕೈ ಬಿಟ್ಟು ಬಾಗಿಲು ಎಳೆದುಕೊಂಡಂತೆ. ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮಾಡುವ ಮುನ್ನ ಬಿಟ್‌ಲಾಕರಿನಲ್ಲಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ಎಎಂಡಿ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರ್ ಹಾಕಿದಾಗ ‘ಎಫ್‌ಟಿಪಿಎಂ ರೀಸೆಟ್ ಮಾಡಲೇ, ವೈ ಅಥವಾ ಎನ್’ ಎಂಬ ಕಪ್ಪು ಪರದೆ ಬಂದರೆ (ಎಫ್‌ಟಿಪಿಎಂ ಅಂದರೆ ಪ್ರೊಸೆಸರಿನೊಳಗೇ ಇರುವ ಟಿಪಿಎಂ), ಕೀ ಕೈಗೆ ಸಿಗುವ ತನಕ ‘ಎನ್’ ಒತ್ತಿ. ಹಳೇ ಯಂತ್ರಗಳಲ್ಲಿ ಬಯಾಸಿನ ಪುಟ್ಟ ನಾಣ್ಯದ ಬ್ಯಾಟರಿ ಸತ್ತು ಸೆಟ್ಟಿಂಗ್ ಅಳಿದರೂ ಈ ನೀಲಿ ಪರದೆ ಬರುವುದುಂಟು. ಆಗ ಬ್ಯಾಟರಿ ಬದಲಿಸಿ, ಬಯಾಸಿನ ‘ಸೆಕ್ಯೂರ್ ಬೂಟ್’ ಎಂಬ ಭದ್ರತಾ ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪ್ರಶ್ನೆ: ಮಳೆನೀರು ನೆಲಮಹಡಿಗೆ ನುಗ್ಗಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮುಳುಗಿತ್ತು. ಬಿಸಿಲಲ್ಲಿ ಒಣಗಿಸಿ ಹಾಕಿ ನೋಡಬಹುದೇ? – ಓದುಗರು, ಬೆಳ್ಳಂದೂರು

ಉತ್ತರ: ಬೇಡ. ಬಿಸಿಲೂ ಬೇಡ, ಅಕ್ಕಿ ಡಬ್ಬವೂ ಬೇಡ. ಸಾಮಾನ್ಯ ಹಾರ್ಡ್ ಡಿಸ್ಕಿನ ಮೇಲೆ ಗಾಳಿಯಾಡಲು ಸಣ್ಣ ರಂಧ್ರವಿದೆ, ಚರಂಡಿ ನೀರು ಅಲ್ಲಿಂದ ಒಳಹೋಗಿರಬಹುದು. ಓದುವ ಹೆಡ್, ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ಒಣಗಿ ಅಂಟಿದ ಕೆಸರಿನ ಕಣ ಸಿಕ್ಕರೆ ತಟ್ಟೆ ಗೀರಿ ಹೋಗುತ್ತದೆ. ಕರೆಂಟ್ ಕೊಡದೆ, ಒದ್ದೆಯಿದ್ದ ಹಾಗೆಯೇ ಜಿಪ್ ಕವರಿನಲ್ಲಿ ಮುಚ್ಚಿ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿಯವರಿಗೆ ಆದಷ್ಟು ಬೇಗ ಒಪ್ಪಿಸಿ. ನೀರಿಗೆ ಬಿದ್ದದ್ದೆಂದು ಬಾಯಿಬಿಟ್ಟು ಹೇಳಿ, ತಪಾಸಣೆಯ ಶುಲ್ಕ ಬೇರೆಯೇ ಎಂದು ಮೊದಲೇ ಕೇಳಿ. ಆ ಡಿಸ್ಕಿಗೂ ಬಿಟ್‌ಲಾಕರ್ ಹಾಕಿದ್ದರೆ ಕೀಯನ್ನು ಜೊತೆಗೇ ಒಯ್ಯಿರಿ. ತಟ್ಟೆಯನ್ನು ಅವರು ಪೂರ್ತಿ ಓದಿದರೂ ಅದಿಲ್ಲದೆ ಫೋಟೋ ಯಾವುದು, ಕಸ ಯಾವುದು ಗೊತ್ತಾಗುವುದಿಲ್ಲ.