ಗುಂಡು ದೊಡ್ಡದಿದ್ದರೆ ಸಾಕೇ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಬಲಗಡೆಯ ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಿಸಬೇಕು ಎಂದಿದ್ದಾರೆ. ಹೊಸ ಕೀಲಿನಲ್ಲಿ ತಿರುಗುವ ಲೋಹದ ಗುಂಡು, ಗುಲಾಬಿ ಬಣ್ಣದ ಸೆರಾಮಿಕ್ ಗುಂಡು ಎರಡನ್ನೂ ತೋರಿಸಿದರು. ಬೆಲೆಯಲ್ಲಿ ಬಹಳ ಅಂತರವಿದೆ. ನಮ್ಮ ಭಾವ, ‘ದೊಡ್ಡ ಗುಂಡು ಹಾಕಿಸಿ, ಜಾರುವುದಿಲ್ಲ’ ಎನ್ನುತ್ತಾರೆ. ಅಮ್ಮನ ಚಿಂತೆಯೇ ಬೇರೆ: ನೆಲದ ಮೇಲೆ ಕುಳಿತು ಪೂಜೆ ಮಾಡಬಹುದೇ?
– ಒಬ್ಬ ಓದುಗ, ಸಾಗರ

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಗುಂಡು ದೊಡ್ಡದಾದಷ್ಟೂ ಅದು ಕೂರುವ ಬಟ್ಟಲಿನಿಂದ ಹೊರಬೀಳುವುದು ಕಷ್ಟ. ಆದರೆ ಬಟ್ಟಲಿನ ಅಳತೆ ಅಷ್ಟೇ ಇರುವುದರಿಂದ ಒಳಗಿನ ಪ್ಲಾಸ್ಟಿಕ್ ಪದರ ತೆಳ್ಳಗಾಗಬೇಕಾಗುತ್ತದೆ. ಇಂದಿನ ಕೀಲು ಬದಲಾವಣೆಗೆ ದಾರಿ ತೋರಿದ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಸುಮಾರು 22 ಮಿಲಿಮೀಟರಿನ ಪುಟ್ಟ ಗುಂಡನ್ನು ಆರಿಸಿಕೊಂಡದ್ದು ಘರ್ಷಣೆ ಕಡಿಮೆಯಾಗಲಿ, ಸವೆದರೂ ತಾಳುವಷ್ಟು ದಪ್ಪ ಪದರ ಉಳಿಯಲಿ ಎಂದೇ. ಆತ ಮೊದಲು ನಂಬಿದ್ದು ಟೆಫ್ಲಾನ್ ಬಟ್ಟಲನ್ನು. ಅದು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಆ ವಸ್ತು ದೇಹಕ್ಕೆ ಏನು ಮಾಡುತ್ತದೆಂದು ನೋಡಲು ತನ್ನ ತೊಡೆಯೊಳಗೇ ಸೇರಿಸಿಕೊಂಡ ಮಹಾನುಭಾವ! 1962ರಲ್ಲಿ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್‌ಗೆ ಬದಲಾಯಿಸಿದ ಮೇಲೆ ಕೆಲಸ ಕೈಗೂಡಿತು.

ಸವೆದ ಪ್ಲಾಸ್ಟಿಕ್‌ನ ಧೂಳು ಸುಮ್ಮನೆ ಬಿದ್ದಿರುವುದಿಲ್ಲ. ದೇಹ ಅದರ ಮೇಲೆ ಯುದ್ಧ ಹೂಡುತ್ತದೆ, ಆ ಯುದ್ಧದಲ್ಲಿ ಸುತ್ತಲಿನ ಮೂಳೆ ಕರಗುತ್ತದೆ, ಕೀಲು ಸಡಿಲವಾಗುತ್ತದೆ. ಈಗಿನ ವಿಕಿರಣ ಹಾಯಿಸಿ ಗಟ್ಟಿಮಾಡಿದ ಪ್ಲಾಸ್ಟಿಕ್ ಬಹಳ ಕಡಿಮೆ ಸವೆಯುತ್ತದೆ. ಆದ್ದರಿಂದಲೇ 32, 36 ಮಿಲಿಮೀಟರಿನ ಗುಂಡುಗಳನ್ನು ಧೈರ್ಯವಾಗಿ ಹಾಕುತ್ತೇವೆ.

‘ಪ್ಲಾಸ್ಟಿಕ್ಕೇ ಬೇಡ, ಲೋಹಕ್ಕೆ ಲೋಹ, ಇನ್ನೂ ದೊಡ್ಡ ಗುಂಡು’ ಎಂಬ ಹುರುಪೂ ಒಂದು ಕಾಲದಲ್ಲಿತ್ತು. ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲು ಅಂಥದ್ದು. ಬಟ್ಟಲು ಆಳವಿರಲಿಲ್ಲ, ಅಂಚಿಗೆ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಲೋಹಗಳು ರಕ್ತಕ್ಕೆ ಇಳಿದವು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಸುಮಾರು 93,000 ಜನರ ಸೊಂಟ ಸೇರಿಯಾಗಿತ್ತು.

ನಿಮ್ಮ ತಾಯಿಯವರ ವಯಸ್ಸಿಗೆ, ಗಟ್ಟಿಮಾಡಿದ ಪ್ಲಾಸ್ಟಿಕ್ ಬಟ್ಟಲಿನ ಜೊತೆ ಲೋಹದ ಗುಂಡು ಸಾಕು ಎಂಬುದು ನನ್ನ ಅಭಿಪ್ರಾಯ. ಸೆರಾಮಿಕ್ ಗುಂಡು ಒಳ್ಳೆಯದೇ, ಆದರೆ ಸಾಲ ಮಾಡಿ ಹಾಕಿಸುವಷ್ಟಲ್ಲ. ನಾನು ಗುಂಡಿಗಿಂತ ಹೆಚ್ಚು ಯೋಚಿಸುವುದು ತೊಡೆಮೂಳೆಯೊಳಗೆ ಇಳಿಯುವ ಕಾಂಡದ ಬಗ್ಗೆ. ಮೂಳೆ ಟೊಳ್ಳಾಗಿದ್ದರೆ, ಬಿಗಿಯಾಗಿ ಬಡಿದು ಕೂರಿಸುವ ಕಾಂಡದಿಂದ ಅದು ಸೀಳಬಹುದು. ಮೂಳೆಗೆಂದೇ ಇರುವ ಸಿಮೆಂಟ್ ಹಾಕಿ ಕೂರಿಸುವುದು ಸುರಕ್ಷಿತ. ‘ಸಿಮೆಂಟ್ ಹಳೆಯ ಕಾಲದ್ದು’ ಎಂದು ಯಾರಾದರೂ ಮೂಗು ಮುರಿದರೆ ಲಕ್ಷಿಸಬೇಡಿ. 1990ರ ದಶಕದಲ್ಲಿ ನಾನು ಸಿಮೆಂಟ್ ಹಾಕಿ ಕೂರಿಸಿದ ಒಬ್ಬ ನಿವೃತ್ತ ಶಿಕ್ಷಕಿಯ ಕೀಲು ಇಂದಿಗೂ ನಡೆಯುತ್ತಿದೆ. ಪ್ರತಿ ಬೇಸಿಗೆಗೆ ಅವರಿಂದ ಹಲಸಿನ ಹಪ್ಪಳ ಬರುತ್ತದೆ.

ಇನ್ನು ಪೂಜೆ. ಮೊದಲ ಮೂರು ತಿಂಗಳು ಕುರ್ಚಿಯೇ ಗತಿ, ದೇವರು ಬೇಸರಿಸುವುದಿಲ್ಲ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದವರು ಒಪ್ಪಿದರೆ ಚಕ್ಕಳಮಕ್ಕಳ ಹಾಕಬಹುದು. ಅದಕ್ಕಿಂತ ಅಪಾಯ, ತಗ್ಗು ಮಣೆಯ ಮೇಲೆ ಮಂಡಿ ಜೋಡಿಸಿ ಕುಳಿತು ಮುಂದಕ್ಕೆ ಬಾಗುವುದು. ಬೆನ್ನುಮೂಳೆ ಬಿಗಿದುಕೊಂಡಿದ್ದರೆ ‘ಡ್ಯುಯಲ್ ಮೊಬಿಲಿಟಿ’ ಬಟ್ಟಲಿನ ಬಗ್ಗೆ ಕೇಳಿ. ಅದರಲ್ಲಿ ಗುಂಡಿನೊಳಗೊಂದು ಗುಂಡು ತಿರುಗುತ್ತದೆ, ಜಾರುವ ಸಂಭವ ಕಡಿಮೆ.

ಇನ್ನೊಂದು ಮಾತು. ಕೀಲಿನ ಪೆಟ್ಟಿಗೆಯ ಮೇಲೆ ಮಾದರಿ, ಬ್ಯಾಚ್ ಸಂಖ್ಯೆ ಇರುವ ಚೀಟಿಗಳಿರುತ್ತವೆ. ಎಎಸ್‌ಆರ್ ಹಾಕಿಸಿಕೊಂಡ ನಮ್ಮ ದೇಶದ ಬಹಳಷ್ಟು ಮಂದಿಯ ಗುರುತೇ ಆಮೇಲೆ ಸಿಗಲಿಲ್ಲ. ಚೀಟಿಗಳನ್ನು ಕೇಳಿ ಪಡೆದು, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.