ಬಬಲ್ ಟೀಯಲ್ಲಿ ‘ಸಕ್ಕರೆ 25%’ ಅಂದರೆ ಎಷ್ಟು?

ಪ್ರಶ್ನೆ: ಪಿಯುಸಿ ಓದುವ ಮಗಳು ವಾರಕ್ಕೆ ಎರಡು ಮೂರು ಸಲ ಬಬಲ್ ಟೀ (ಅಗಿಯುವ ಮುತ್ತುಗಳನ್ನು ಹಾಕಿದ ಸಿಹಿ ಚಹಾ) ಕುಡಿಯುತ್ತಾಳೆ. ಕೇಳಿದರೆ ‘ಸಕ್ಕರೆ 25% ಸಾಕು ಅಂತ ಹೇಳ್ತೀನಮ್ಮ’ ಅನ್ನುತ್ತಾಳೆ. ನಿಶ್ಚಿಂತೆಯಿಂದ ಇರಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಗೆ ಕೇಳುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. 25% ಅಂದರೆ ಅಂಗಡಿಯವರು ಮಾಮೂಲಿಯಾಗಿ ಹಾಕುವ ಸಿಹಿಯ ಕಾಲು ಭಾಗ; ಆ ಲೆಕ್ಕ ಸಾಮಾನ್ಯವಾಗಿ ಕೊನೆಯಲ್ಲಿ ಲೋಟಕ್ಕೆ ಸುರಿಯುವ ಪಾಕಕ್ಕೆ ಮಾತ್ರ. ಕಪ್ಪು ಬೋಬಾ ಮುತ್ತುಗಳು (ಮರಗೆಣಸಿನ ಪಿಷ್ಟದ ಪುಟ್ಟ ಉಂಡೆಗಳು) ಬೆಂದ ಮೇಲೆ ಸಕ್ಕರೆ ಪಾಕದಲ್ಲೇ ನೆನೆಯುತ್ತಿರುತ್ತವೆ. ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಬೇಗ ಗಟ್ಟಿಯಾಗುತ್ತವೆ. ರುಚಿಗೆ ಬೆರೆಸುವ ಟಾರೊ (ಕೆಸುವಿನ ಗೆಡ್ಡೆ), ಚಾಕೊಲೇಟ್‌ನಂಥ ಪುಡಿಗಳಲ್ಲಿ ಹೆಚ್ಚಾಗಿ ಸಕ್ಕರೆ ಮೊದಲೇ ಬೆರೆತಿರುತ್ತದೆ. ಹಾಲಿನ ಬದಲು ಬಳಸುವ ಕ್ರೀಮರ್ ಪುಡಿ ಬಹುತೇಕ ಗ್ಲುಕೋಸ್ ಸಿರಪ್ ಮತ್ತು ಎಣ್ಣೆಯ ಕೊಬ್ಬು. ‘ಬ್ರೌನ್ ಶುಗರ್’ ಬಗೆಯಲ್ಲಿ ಲೋಟದ ಒಳಬದಿಗೆ ಬಳಿಯುವ ಪಾಕವೂ ಈ ಲೆಕ್ಕಕ್ಕೆ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು 6 ಚಮಚದೊಳಗಿದ್ದರೆ ಒಳ್ಳೆಯದು. ಮನೆಯ ಕಾಫಿ, ಬಿಸ್ಕತ್ತೂ ಅದರಲ್ಲೇ ಬಂದವು.

ಹಾಗಾಗಿ ಮೊದಲು ನೋಡಬೇಕಾದದ್ದು ಶೇಕಡಾವಲ್ಲ, ಲೋಟದೊಳಗೆ ಏನೇನಿದೆ ಎಂಬುದು. ಪುಡಿಯ ಬದಲು ಎಲೆ ಕುದಿಸಿ ಸೋಸಿದ ಚಹಾ ಕೇಳಲಿ: ಬ್ಲ್ಯಾಕ್, ಊಲಾಂಗ್, ಮಲ್ಲಿಗೆಯ ಗ್ರೀನ್ ಟೀ ಯಾವುದಾದರೂ ಸರಿ. ಹಾಲು ಬೇಕಿದ್ದರೆ ‘ಕ್ರೀಮರ್ ಬೇಡ, ಹಾಲೇ ಹಾಕಿ’ ಎನ್ನಲಿ. ಲೋಟ ಚಿಕ್ಕದಿರಲಿ, ಟಾಪಿಂಗ್ (ಮುತ್ತು, ಜೆಲ್ಲಿ, ಪುಡಿಂಗ್‌ನಂಥ ಸೇರಿಕೆ) ಒಂದೇ ಇರಲಿ. ಬೋಬಾ ಬೇಕೇ ಬೇಕೆಂದರೆ ಅರ್ಧ ಪ್ರಮಾಣ, ಪಾಕ ಬಸಿದು. ಗ್ರಾಸ್ ಜೆಲ್ಲಿ (ಗಿಡವೊಂದರಿಂದ ಮಾಡುವ ಕಪ್ಪು ಜೆಲ್ಲಿ) ಅಥವಾ ಕಾಮಕಸ್ತೂರಿ ಬೀಜ ಇದಕ್ಕಿಂತ ಹಗುರ. ಲೋಳೆಸರದ ತುಂಡುಗಳನ್ನು ಪಾಕದಲ್ಲಿಡುವುದುಂಟು, ವಿಚಾರಿಸಬೇಕು. ಬಾಯಲ್ಲಿ ಒಡೆಯುವ ಪಾಪಿಂಗ್ ಬೋಬಾ ಹಣ್ಣಲ್ಲ, ತೆಳು ಪೊರೆಯೊಳಗಿನ ಸಿಹಿ ರಸ. ಸಸ್ಯಾಹಾರಿಗಳಾದರೆ ಪುಡಿಂಗ್‌ನಲ್ಲಿ ಮೊಟ್ಟೆ ಅಥವಾ ಜೆಲಟಿನ್ ಇದೆಯೇ ಎಂದು ಕೇಳಿಕೊಳ್ಳಿ.

ಶೇ 100ರಿಂದ ಒಮ್ಮೆಲೇ ಸೊನ್ನೆಗಿಳಿದರೆ ರುಚಿಸದೆ ಮತ್ತೆ ಹಳೆಯ ಅಭ್ಯಾಸಕ್ಕೇ ಮರಳುವವರು ಹೆಚ್ಚು. 50, ಆಮೇಲೆ 25 ಎಂದು ಇಳಿಸುವುದು ಮೇಲು. ಬಿಸಿಯಾಗಿ ಕುಡಿದರೆ ಅಷ್ಟೇ ಸಕ್ಕರೆ ಹೆಚ್ಚು ಸಿಹಿ ಅನ್ನಿಸುತ್ತದೆ; ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂಕು.

ಇನ್ನೊಂದು ಮಾತು, ಈ ವಯಸ್ಸಿನ ಹುಡುಗಿಯರಿಗೆ ಮುಖ್ಯವಾದದ್ದು: ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕನಿಷ್ಠ ಒಂದು ಗಂಟೆ ಅಂತರವಿರಲಿ.

ಪ್ರಶ್ನೆ: ನನಗೆ ಮಧುಮೇಹವಿದೆ. ಇಲ್ಲಿ ಪಾನೀಯಗಳಿಗೆ ಎ, ಬಿ, ಸಿ, ಡಿ ದರ್ಜೆ ಕೊಡುತ್ತಾರೆ. ‘ಬಿ’ ದರ್ಜೆಯ ಬಬಲ್ ಟೀ ಕುಡಿಯಬಹುದೇ?
– ಓದುಗರೊಬ್ಬರು, ಸಿಂಗಪುರ

ಉತ್ತರ: ಸಿಂಗಪುರದ ನ್ಯೂಟ್ರಿ-ಗ್ರೇಡ್ ಪದ್ಧತಿ ಅಂಗಡಿಯಲ್ಲೇ ತಯಾರಿಸುವ ಪಾನೀಯಗಳಿಗೂ ಅನ್ವಯವಾದದ್ದು 2023ರ ಡಿಸೆಂಬರ್ 30ರಿಂದ. ‘ಬಿ’ ಅಂದರೆ 100 ಮಿ.ಲೀ.ಗೆ 5 ಗ್ರಾಂವರೆಗೆ ಸಕ್ಕರೆ, 500 ಮಿ.ಲೀ. ಲೋಟದಲ್ಲಿ 25 ಗ್ರಾಂವರೆಗೂ ಇರಬಹುದು. ಅದಕ್ಕಿಂತ ಮುಖ್ಯವಾಗಿ, ದರ್ಜೆ ಅಳೆಯುವುದು ಸಕ್ಕರೆ ಮತ್ತು ಸ್ಯಾಚುರೇಟೆಡ್ ಕೊಬ್ಬನ್ನು; ಪಿಷ್ಟವನ್ನಲ್ಲ. ಬೋಬಾ ಎಂದರೆ ಸಬ್ಬಕ್ಕಿಯಂತೆಯೇ ಮರಗೆಣಸಿನ ಪಿಷ್ಟ. 30 ಗ್ರಾಂ ಒಣ ಮುತ್ತಿನಲ್ಲಿ ಸುಮಾರು 26 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ, ನಾರು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಸೊನ್ನೆ ಎಂದು ಕೇಳಿದರೂ ಅದು ರಕ್ತದ ಗ್ಲುಕೋಸ್ ಏರಿಸಿಯೇ ಏರಿಸುತ್ತದೆ. ಸಕ್ಕರೆಯಿಲ್ಲದ, ಮುತ್ತಿಲ್ಲದ ಚಹಾ ನಿಮಗೆ ಸರಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗ ಹಟ ಮಾಡುತ್ತಾನೆ. ಒಂದು ಗುಟುಕು ಕೊಡಬಹುದೇ?

ಉತ್ತರ: ಮುತ್ತುಗಳಿರುವ ಲೋಟವನ್ನು ಖಂಡಿತ ಕೊಡಬೇಡಿ. ಅಗಲ ಸ್ಟ್ರಾದಲ್ಲಿ ಜೋರಾಗಿ ಎಳೆದಾಗ ಮುತ್ತು ನೇರವಾಗಿ ಗಂಟಲಿಗೆ ನುಗ್ಗಿ ಉಸಿರುನಾಳಕ್ಕೆ ಹೋಗಬಹುದು.

ಪ್ರಶ್ನೆ: ಮನೆಯಲ್ಲೇ ಮಾಡಲು ಹೋದರೆ ಬೋಬಾ ಕರಗಿ ಗಂಜಿಯಾಗುತ್ತದೆ. ಏಕೆ?

ಉತ್ತರ: ತಣ್ಣೀರಿಗೆ ಹಾಕಿರಬೇಕು, ಅಥವಾ ಮೊದಲೇ ನೆನೆಸಿರಬೇಕು. ಹಸಿ ಪಿಷ್ಟ ತಣ್ಣೀರಲ್ಲಿ ಉದುರುತ್ತದೆ. ಕುದಿನೀರು ತಾಗಿದರೆ ಹೊರಪದರ ಕೂಡಲೇ ಬೆಂದು ಮುತ್ತನ್ನು ಹಿಡಿದಿಡುತ್ತದೆ. ಒಬ್ಬರಿಗೆ 20 ಗ್ರಾಂ ಒಣ ಮುತ್ತು ಸಾಕು. ಹತ್ತು ಪಟ್ಟು ನೀರು ಚೆನ್ನಾಗಿ ಕುದಿಯುವಾಗ ಹಾಕಿ, ತೇಲುವವರೆಗೆ ಸೌಟನ್ನು ಮೆಲ್ಲಗಷ್ಟೇ ಆಡಿಸಿ. ಬೇಯುವ ಹೊತ್ತು ಪೊಟ್ಟಣದ ಮೇಲೆ ಬರೆದಿರುತ್ತದೆ: ಬೇಗ ಬೇಯುವ ಬಗೆಗೆ ಐದಾರು ನಿಮಿಷ, ಮಾಮೂಲಿಗೆ ಅರ್ಧ ಗಂಟೆ. ಆಮೇಲೆ ಮುಚ್ಚಿಟ್ಟು, ಬಸಿದು, ಒಂದು ಚಮಚ ಬೆಲ್ಲದ ಪಾಕ ಸವರಿ. ಬೆಲ್ಲವೂ ಲೆಕ್ಕದಲ್ಲಿ ಸಕ್ಕರೆಯೇ. 200 ಮಿ.ಲೀ. ಚಹಾ ಡಿಕಾಕ್ಷನ್‌ಗೆ 100 ಮಿ.ಲೀ. ಹಾಲು ಸೇರಿಸಿ, ಬೇರೆ ಸಿಹಿ ಬೇಡ. ಉಳಿದ ಮುತ್ತನ್ನು ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಬೇಕಾದಷ್ಟನ್ನೇ ಬೇಯಿಸಿ.